ಆಸ್ಪತ್ರೆಯ ಬಿಲ್ಲು ಮತ್ತು ತೆರಿಗೆದಾರನ ಪಾಲು



ಎಲ್ಲ ನಾಗರಿಕರಿಗೂ ಸರ್ಕಾರದ ವೆಚ್ಚದಲ್ಲಿ ಚಿಕಿತ್ಸೆ ದೊರೆಯಬೇಕೆ, ದೊರೆಯಬೇಕಾದರೆ ಆ ಹಣವನ್ನು ತೆರುವವರು ಯಾರು ಎಂಬುದು ಇಂದಿನ ವಿಷಯ. ಪ್ರಶ್ನೆ ಹೊಸದಲ್ಲ. ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ತಕ್ಕ ಚಿಕಿತ್ಸೆ ತಪ್ಪಬಾರದೆಂದು ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿಯೇ ಹೇಳಿತ್ತು. ಎರಡು ವರ್ಷಗಳ ಬಳಿಕ, 1948ರ ಜುಲೈ 5ರಂದು, ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿತು. ಭಾರತದಲ್ಲಿ ಚರ್ಚೆ ಇನ್ನೂ ನಡೆದೇ ಇದೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೃಹಸ್ಥನೊಬ್ಬ ಇಪ್ಪತ್ತು ವರ್ಷಗಳಿಂದ ತಪ್ಪದೆ ಆದಾಯ ತೆರಿಗೆ ಕಟ್ಟಿದ್ದಾನೆ. ಚಿಕ್ಕೋಡಿ ಕಡೆಯ ಹಳ್ಳಿಯಲ್ಲಿರುವ ಅರವತ್ತಾರು ವಯಸ್ಸಿನ ತಂದೆಗೆ ಹೃದಯದ ಕಾಯಿಲೆ ಬಂದು, ಅವರನ್ನು ಪುಣೆಗೆ ಕರೆತರುತ್ತಾನೆ. ತಂದೆಯ ಪಡಿತರ ಚೀಟಿ ಕರ್ನಾಟಕದ್ದು. ಮಹಾರಾಷ್ಟ್ರದ ಯೋಜನೆ ಅವರಿಗೆ ಅನ್ವಯಿಸದು. ಬಡತನ ರೇಖೆಗಿಂತ ಮೇಲಿನವರಾದ್ದರಿಂದ ಕರ್ನಾಟಕದ ಯೋಜನೆಯಲ್ಲಿಯೂ ಅವರಿಗೆ ದಕ್ಕುವುದು ನಿಗದಿತ ದರದ ಶೇ. 30 ಮಾತ್ರ, ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಮಗ ಠೇವಣಿ ಮುರಿಯುತ್ತಾನೆ, ಮನೆಯ ಬಂಗಾರ ಅಡವಿಡುತ್ತಾನೆ. ಅದೇ ತಿಂಗಳು ಅವನ ಅಂಗಡಿಯ ನೌಕರನ ತಾಯಿಗೆ ಅಂಥದೇ ಚಿಕಿತ್ಸೆ ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಲ್ಲಿ ಉಚಿತವಾಗಿ ಆಗುತ್ತದೆ. "ತೆರಿಗೆ ಕಟ್ಟುವವರು ನಾವು, ಕಾರ್ಡು ಮಾತ್ರ ಅವರಿಗೆ" ಎಂಬ ಮಾತು ಆಗ ಆ ಗೃಹಸ್ಥನ ಬಾಯಿಂದ ಬಂದರೆ ಆಶ್ಚರ್ಯವಿಲ್ಲ. ಆ ಮಾತಿನಲ್ಲಿ ನೋವಿದೆ. ನ್ಯಾಯವೂ ಇದೆಯೇ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು.

ಮೊದಲು ಪೂರ್ವಪಕ್ಷ. ತೆರಿಗೆದಾರನ ಆಕ್ಷೇಪಗಳು ಮೂರು.

ಒಂದನೆಯದು, ಹೊರೆ. 2018ರಿಂದ ಆದಾಯ ತೆರಿಗೆಯ ಮೇಲೆ ಶೇ. 4ರಷ್ಟು ಆರೋಗ್ಯ ಮತ್ತು ಶಿಕ್ಷಣ ಉಪಕರವಿದೆ. ಅದನ್ನು ಕಟ್ಟಿದವನು ತನ್ನ ಕುಟುಂಬಕ್ಕೆ ಬೇರೆಯಾಗಿ ವಿಮೆಯ ಕಂತನ್ನೂ ಕಟ್ಟುತ್ತಾನೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಆ ಕಂತಿಗೆ 80ಡಿ ಕಲಮಿನ ಕಡಿತವಿತ್ತು. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾದುದೊಂದೇ ಸಮಾಧಾನ.

ಎರಡನೆಯದು, ಸೋರಿಕೆ. ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ ಮಹಾಲೇಖಪಾಲರು 2023ರಲ್ಲಿ ಸಲ್ಲಿಸಿದ ವರದಿಯಲ್ಲಿ, ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರಿಗೆ ಒಂದೇ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದುದು ಕಂಡುಬಂದಿತು. ದಾಖಲೆಯಲ್ಲಿ ಮೃತರೆಂದು ತೋರಿಸಲಾದವರ ಹೆಸರಿನಲ್ಲಿಯೂ ಚಿಕಿತ್ಸೆ ಮುಂದುವರಿದಿತ್ತು. ಲೆಕ್ಕ ಬಲ್ಲವನು ಇಂಥ ಪುಸ್ತಕಕ್ಕೆ ಸಹಿ ಹಾಕಲು ಹಿಂಜರಿಯುವುದು ಸಹಜ.

ಮೂರನೆಯದು, ಗುಣಮಟ್ಟ. ಸರ್ಕಾರ ಕೊಡುವ ದರ ಕಡಿಮೆ, ಅದೂ ತಡವಾಗಿ ಬಂದರೆ ಖಾಸಗಿ ಆಸ್ಪತ್ರೆಗಳು ಯೋಜನೆಯ ರೋಗಿಗಳನ್ನು ದೂರವಿಡುತ್ತವೆ, ಇಲ್ಲವೆ ಬೇಡದ ಶಸ್ತ್ರಚಿಕಿತ್ಸೆ ಮಾಡಿ ನಷ್ಟ ತುಂಬಿಕೊಳ್ಳುತ್ತವೆ ಎಂಬ ಭಯ.

ಈ ಮೂರೂ ಆಕ್ಷೇಪಗಳು ಗಂಭೀರವಾದವು. ಇವುಗಳನ್ನು ತಳ್ಳಿಹಾಕಿ ಮಾತಾಡುವುದು ಅಪ್ರಾಮಾಣಿಕತೆಯಾಗುತ್ತದೆ. ಆದರೆ ಉತ್ತರಪಕ್ಷಕ್ಕೂ ತನ್ನದೇ ಲೆಕ್ಕವಿದೆ.

ತೆರಿಗೆದಾರ ಎಂದರೆ ಆದಾಯ ತೆರಿಗೆ ಕಟ್ಟುವವನಷ್ಟೇ ಅಲ್ಲ. ಅಂಗಡಿಯ ನೌಕರ ಚಪ್ಪಲಿ ಕೊಂಡಾಗ, ಮೊಬೈಲಿಗೆ ರೀಚಾರ್ಜ್ ಮಾಡಿಸಿದಾಗ ಜಿಎಸ್‌ಟಿ ತೆರುತ್ತಾನೆ. ಅವನ ರಿಟರ್ನ್ ಯಾವ ಕಚೇರಿಯಲ್ಲಿಯೂ ಇಲ್ಲ, ಆದರೆ ಅವನ ಪಾಲು ಖಜಾನೆಯಲ್ಲಿದೆ. ಆದ್ದರಿಂದ ಕಾರ್ಡು ಅವನಿಗೆ ಸಿಕ್ಕ ಭಿಕ್ಷೆಯಲ್ಲ.

ಇನ್ನು ಒಟ್ಟು ವೆಚ್ಚದ ಮಾತು. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚ ಸುಮಾರು 9.04 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಸರ್ಕಾರಗಳ ಪಾಲು ಸುಮಾರು 4.34 ಲಕ್ಷ ಕೋಟಿ, ಅಂದರೆ ಒಟ್ಟು ದೇಶೀಯ ಉತ್ಪನ್ನದ ಶೇ. 1.84. ಜನರು ನೇರವಾಗಿ ಜೇಬಿನಿಂದ ಕೊಟ್ಟದ್ದು ಸುಮಾರು 3.56 ಲಕ್ಷ ಕೋಟಿ, ಒಟ್ಟು ವೆಚ್ಚದ ಶೇ. 39.4. 2013-14ರಲ್ಲಿ ಈ ಪ್ರಮಾಣ ಶೇ. 64.2 ಇತ್ತು. ಸರ್ಕಾರದ ಪಾಲು ಏರಿದಂತೆ ಕುಟುಂಬದ ಪಾಲು ಇಳಿದಿದೆ.

2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಿ ವೆಚ್ಚವನ್ನು 2025ರೊಳಗೆ ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟಿತ್ತು. 2021-22ರ ಅಂಕಿಗಳನ್ನೇ ಹಿಡಿದರೆ ಆ ಗುರಿಗೆ ಬೇಕಾಗುತ್ತಿದ್ದ ಹೆಚ್ಚುವರಿ ಹಣ ಸುಮಾರು 1.56 ಲಕ್ಷ ಕೋಟಿ. ತಲೆಗೆ ಹಂಚಿದರೆ ವರ್ಷಕ್ಕೆ ಸುಮಾರು 1,140 ರೂಪಾಯಿ. ಅದೇ ವರ್ಷ ಪ್ರತಿಯೊಬ್ಬರೂ ಸರಾಸರಿ ಜೇಬಿನಿಂದ ಕೊಟ್ಟದ್ದು 2,600 ರೂಪಾಯಿ. ಹೆಚ್ಚಿಗೆ ಕೊಟ್ಟ ತೆರಿಗೆಯ ಪ್ರತಿ ರೂಪಾಯಿಯೂ ಜೇಬಿನ ಒಂದು ರೂಪಾಯಿಯನ್ನು ಉಳಿಸುತ್ತದೆಂದು ಯಾರೂ ಹೇಳಲಾರರು. ಆದರೆ ಸರಾಸರಿ ಎಂಬುದು ಆಸ್ಪತ್ರೆಯ ಬಾಗಿಲಲ್ಲಿ ಸುಳ್ಳಾಗುತ್ತದೆ. ಜೇಬಿನ ಖರ್ಚು ಎಲ್ಲರ ಮೇಲೂ ಸಮನಾಗಿ ಬೀಳದು. ಒಂದು ವರ್ಷ ಒಂದು ಮನೆಯ ಮೇಲೆ ಐದಾರು ಲಕ್ಷವಾಗಿ ಬೀಳುತ್ತದೆ. ತೆರಿಗೆ ಎಲ್ಲರ ಮೇಲೂ ಹರಡಿ, ಮೊದಲೇ ತಿಳಿದು ಬರುತ್ತದೆ. ವ್ಯಾಪಾರಸ್ಥರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ತಿಳಿದ ಖರ್ಚು ಅಂಗಡಿಯನ್ನು ಮುಳುಗಿಸುವುದಿಲ್ಲ, ತಿಳಿಯದ ಖರ್ಚು ಮುಳುಗಿಸುತ್ತದೆ.

ಈ ಹೊಡೆತಕ್ಕೆ ಹೆಚ್ಚು ಸಿಗುವವರು ನಡುವಿನವರು. ಬಡವರ ಪಟ್ಟಿಯಲ್ಲಿಲ್ಲದ, ದೊಡ್ಡ ಕಂಪನಿಯ ವಿಮೆಯೂ ಇಲ್ಲದ ಇಂಥವರು ಜನಸಂಖ್ಯೆಯ ಕನಿಷ್ಠ ಶೇ. 30, ಅಂದರೆ ಸುಮಾರು 40 ಕೋಟಿ ಎಂದು ನೀತಿ ಆಯೋಗದ 2021ರ ವರದಿ ಹೇಳಿತು. ಸಣ್ಣ ವ್ಯಾಪಾರಿ, ಸ್ವಂತ ಉದ್ಯೋಗದವನು ಇದೇ ಗುಂಪಿನವನು. ಹಾಗಾದರೆ ಪುಣೆಯ ಗೃಹಸ್ಥನ ಹಿತ ಇರುವುದು ನೌಕರನ ಕಾರ್ಡನ್ನು ಕಸಿಯುವುದರಲ್ಲಿ ಅಲ್ಲ, ತನ್ನ ತಂದೆಗೂ ಅದು ದೊರೆಯುವಂತೆ ಮಾಡುವುದರಲ್ಲಿ. 70 ದಾಟಿದ ಎಲ್ಲರನ್ನೂ ಆದಾಯ ನೋಡದೆ ಸೇರಿಸಿಕೊಂಡ 2024ರ ಅಕ್ಟೋಬರಿನ ವಿಸ್ತರಣೆ ಆ ದಿಕ್ಕಿನ ಹೆಜ್ಜೆ. ಊರು ಬಿಟ್ಟು ಬದುಕುವ ಕುಟುಂಬಗಳಿಗಂತೂ ರಾಜ್ಯದ ಗಡಿ ದಾಟಿದರೂ ನಡೆಯುವ ಚೀಟಿ ಎಲ್ಲಕ್ಕಿಂತ ಮುಖ್ಯ.

ಆದರೆ ಆಸ್ಪತ್ರೆಯ ಕಾರ್ಡೊಂದೇ ಆರೋಗ್ಯವಲ್ಲ. ಐದು ಲಕ್ಷದ ರಕ್ಷಣೆ ಒಳರೋಗಿಯಾದಾಗ ಮಾತ್ರ. ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆ ತಿಂಗಳು ತಿಂಗಳೂ ಜೇಬಿನಿಂದಲೇ ಬರಬೇಕು. ಮಾತ್ರೆ ತಪ್ಪಿದವನೇ ಕೊನೆಗೆ ಆಸ್ಪತ್ರೆ ಸೇರುತ್ತಾನೆ. ಸಂಪನ್ಮೂಲದ ಮೂರನೇ ಎರಡು ಭಾಗ ಪ್ರಾಥಮಿಕ ಆರೋಗ್ಯಕ್ಕೆ ಹೋಗಬೇಕೆಂದು ಆರೋಗ್ಯ ನೀತಿಯೇ ಹೇಳುತ್ತದೆ. ತಮಿಳುನಾಡು ವೈದ್ಯಕೀಯ ಸೇವಾ ನಿಗಮವು 1990ರ ದಶಕದ ನಡುವಿನಿಂದ ಔಷಧಗಳನ್ನು ಒಟ್ಟಾಗಿ ಟೆಂಡರಿನಲ್ಲಿ ಕೊಂಡು ಸರ್ಕಾರಿ ಆಸ್ಪತ್ರೆಗಳಿಗೆ ಹಂಚುತ್ತಿದೆ. ಸಗಟು ಖರೀದಿಯ ಲಾಭ ತಿಳಿದ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಕೊನೆಯದಾಗಿ, ಸಮಾಜದ ಹೊಣೆ. ಚತುರ್ವಿಧ ದಾನಗಳಲ್ಲಿ ಔಷಧದಾನ ಒಂದು. ಆ ಪರಂಪರೆಯಿಂದ ಧರ್ಮಾರ್ಥ ಆಸ್ಪತ್ರೆಗಳು ಹುಟ್ಟಿವೆ; ಅದು ಹೆಮ್ಮೆಯ ಸಂಗತಿ. ಆದರೆ ದಾನ ಕೊಡುವವನ ಇಚ್ಛೆ, ಚಿಕಿತ್ಸೆ ರೋಗಿಯ ಹಕ್ಕು. ಒಂದು ಮತ್ತೊಂದರ ಸ್ಥಾನ ತುಂಬದು. ನ್ಯಾಸಗಳಿಗೆ ಸಿಗುವ ತೆರಿಗೆ ವಿನಾಯಿತಿಯೂ ಸಾರ್ವಜನಿಕರ ಹಣವೇ. ಮಹಾರಾಷ್ಟ್ರದ ಸಾರ್ವಜನಿಕ ನ್ಯಾಸ ಕಾಯಿದೆಯ 41ಎಎ ಕಲಮು ಮತ್ತು ಬಾಂಬೆ ಹೈಕೋರ್ಟು 2006ರಲ್ಲಿ ಒಪ್ಪಿದ ಯೋಜನೆಯಂತೆ, ಧರ್ಮಾರ್ಥ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ, ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಮೀಸಲಿಡಬೇಕು, ಬಿಲ್ಲಿನ ಶೇ. 2ನ್ನು ಬಡರೋಗಿಗಳ ನಿಧಿಗೆ ಹಾಕಬೇಕು. ಸರ್ಕಾರದ ಸೋರಿಕೆಯನ್ನು ಪ್ರಶ್ನಿಸುವ ಸಮಾಜವು ತನ್ನ ಟ್ರಸ್ಟಿಗಳನ್ನೂ ಪ್ರಶ್ನಿಸಬೇಕು. ಈ ಹಾಸಿಗೆಗಳಲ್ಲಿ ಇಂದು ಎಷ್ಟು ತುಂಬಿವೆ, ಎಷ್ಟು ಖಾಲಿ ಇವೆ ಎಂಬ ಫಲಕ ಆಸ್ಪತ್ರೆಯ ಬಾಗಿಲಲ್ಲಿದೆಯೇ? ನಿಧಿಯ ಲೆಕ್ಕ ವಾರ್ಷಿಕ ಸಭೆಯ ಮುಂದೆ ಬರುತ್ತದೆಯೇ?

ತೆರಿಗೆದಾರನು ಲೆಕ್ಕ ಕೇಳಲಿ. ಅದು ಅವನ ಹಕ್ಕು. ಹೆಚ್ಚು ಹಣ ಕೊಡಬೇಕಾದರೆ ಪ್ರತಿವರ್ಷ ಲೆಕ್ಕ ಪರಿಶೋಧನೆ, ಸಕಾಲದಲ್ಲಿ ಪಾವತಿ, ರಾಜ್ಯದ ಗಡಿ ದಾಟುವ ಚೀಟಿ, ಪ್ರಾಥಮಿಕ ಕೇಂದ್ರದಲ್ಲಿ ಔಷಧ ಎಂಬ ಕರಾರುಗಳನ್ನು ಮುಂದಿಡಲಿ. ಆದರೆ ಲೆಕ್ಕ ಕೇಳುವ ನೆಪದಲ್ಲಿ ಬಾಗಿಲು ಮುಚ್ಚುವುದು ಬೇಡ. ಆ ಬಾಗಿಲ ಹೊರಗೆ ನಿಲ್ಲುವವರಲ್ಲಿ ಚಿಕ್ಕೋಡಿಯ ಆ ತಂದೆಯೂ ಇದ್ದಾರೆ.