ಎರೆ ಮಣ್ಣಿಗೆ ಯಾವ ಟೈರ್?

ಮುಂಗಾರು ಹತ್ತಿರ ಬಂದಾಗ ಥಾರ್ ಇಟ್ಟುಕೊಂಡವರು ಕೇಳೋದು ಒಂದೇ: ಆಲ್-ಟೆರೇನ್ ಟೈರ್ ಹಾಕಿಸಿದ್ರೆ ಎರೆ ಹೊಲದ ದಾರಿಗೆ ಇಳಿಸಬಹುದಾ?

ಒಣಗಿದ್ದಾಗ ಇಳಿಸಿ, ಹಸಿ ಇದ್ದಾಗ ಬ್ಯಾಡ್ರಿ. ಸಿಂಧನೂರು ಕಡೆಯ ಎರೆ ಮಣ್ಣು ನೆನೆದರೆ ಅಂಟು. ಚಕ್ರ ನಾಲ್ಕು ಸುತ್ತು ತಿರುಗೋದ್ರೊಳಗೆ ಟೈರಿನ ಹಲ್ಲುಗಳ ಸಂದು ತುಂಬಿ, ಎಷ್ಟೇ ದುಬಾರಿ ಟೈರ್ ಇದ್ರೂ ನುಣ್ಣಗಾಗಿಬಿಡುತ್ತೆ. ನಾಲ್ಕೂ ಚಕ್ರ ತಿರುಗ್ತವೆ, ಗಾಡಿ ಇದ್ದಲ್ಲೇ. ಭತ್ತದ ಗದ್ದೆಯ ಕೆಸರಿಗೆ ಟ್ರ್ಯಾಕ್ಟರ್‌ಗೂ ಕಬ್ಬಿಣದ ಕೇಜ್ ವೀಲ್ ಬೇಕು, ನೋಡ್ರಿ.

ಈ ಟೈರ್ ನಿಜವಾಗಿ ದುಡಿಯೋದು ಮಸ್ಕಿ, ಲಿಂಗಸುಗೂರು ಕಡೆಯ ಕಲ್ಲು, ಮರಂ ದಾರಿಯಲ್ಲಿ. ಅಲ್ಲಿ ಅಗಲಕ್ಕಿಂತ ಸೈಡ್‌ವಾಲ್ ಎತ್ತರ ಮುಖ್ಯ. 2020ರ ಥಾರ್‌ನಲ್ಲಿ 245/75 ಆರ್16, 255/65 ಆರ್18 ಎರಡೂ ಬಂದವು. ಎರಡನೇ ಅಂಕಿ ಅಂದ್ರೆ ಅಗಲದ ಶೇಕಡಾ ಎಷ್ಟು ಎತ್ತರ ಅಂತ. ಲೆಕ್ಕ ಹಾಕಿದ್ರೆ 16ರದ್ದು ಸುಮಾರು 184 ಮಿ.ಮೀ., 18ರದ್ದು 166. ಕಲ್ಲಿನ ಪೆಟ್ಟು ರಿಮ್ಮಿಗೆ ಮುಟ್ಟೋ ಮೊದಲು 18 ಮಿ.ಮೀ. ಹೆಚ್ಚು ರಬ್ಬರ್. ನಾನಾದ್ರೆ 16 ಅಂತೀನಿ, ನೋಡೋಕೆ 18 ಚೆಂದ ಇದ್ರೂ.

ಅದೇ ರಿಮ್ಮಿಗೆ 265/75 ಹಾಕಿಸೋರಿದ್ದಾರೆ. ಟೈರಿನ ಎತ್ತರ 30 ಮಿ.ಮೀ. ಏರಿದ್ರೂ ಗಾಡಿ ಏಳೋದು 15 ಮಾತ್ರ. ಮೊದಲು ಸರಿ ತೋರಿಸ್ತಿದ್ದ ಮೀಟರ್ 100 ಅಂದಾಗ ನೀವು 104ರಲ್ಲಿ ಇರ್ತೀರಿ, ಬ್ರೇಕಿಗೂ ಹೊರೆ. ಲೋಡ್ ಇಂಡೆಕ್ಸ್ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು. ಸ್ಟೆಪ್ನಿನೂ ಅದೇ ಅಳತೆಯದ್ದು ತಗೊಳ್ಳಿ. ಒಂದು ಚಕ್ರ ಬೇರೆ ಅಳತೆಯದ್ದಿಟ್ಟು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ಓಡಿಸಿದ್ರೆ ಪೆಟ್ಟು ಗೇರಿಗೆ ಬೀಳುತ್ತೆ.