ಒಂದೇ ಮನೆ, ಎರಡು ತಾಟು

(ಸಂಘದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಪಂಪನನ್ನೂ ಕುಮಾರವ್ಯಾಸನನ್ನೂ ಕುರಿತು ಬಲ್ಲವರು ಮಾತನಾಡಿದ್ದಾರೆ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಆ ಅಧಿಕಾರವಿಲ್ಲ. ಆದರೆ ಕಾರ್ಯದರ್ಶಿಗಳು, "ನಿಮ್ಮ ಮನೆಯಲ್ಲಿ ದಿನಾಲು ನಡೆಯುವುದನ್ನೇ ಹೇಳಿರಿ, ಸಾಕು" ಎಂದು ಧೈರ್ಯ ತುಂಬಿದರು. ನಮ್ಮ ಮನೆಯಲ್ಲಿ ದಿನಾಲು ನಡೆಯುವುದೆಂದರೆ ಎರಡು ನಾಯಿಗಳ ಊಟ. ಒಂದು ಮುದಿನಾಯಿ, ಇನ್ನೊಂದು ಮರಿ. ಇವೆರಡಕ್ಕೂ ಯಾವ ಆಹಾರ, ಎಷ್ಟು, ಹೇಗೆ ಎಂಬುದೇ ಇಂದಿನ ವಿಷಯ.

ಕನ್ನಡ ಸಂಘದಲ್ಲಿ ನಾಯಿಯ ಮಾತೇಕೆ ಎಂದು ಯಾರಾದರೂ ಹುಬ್ಬೇರಿಸಿದರೆ ಅವರಿಗೆ ಆತಕೂರಿನ ಕಲ್ಲನ್ನು ತೋರಿಸಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ಬೂತುಗನಿಂದ ವೀರ ಮಣಲೆರನು ಬೇರಾವ ಬಹುಮಾನವನ್ನೂ ಕೇಳದೆ ಆ ನಾಯಿಯನ್ನು ಬೇಡಿ ಪಡೆದನು. ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಡಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಮುಧೋಳದ ನಾಯಿಯ ಚಿತ್ರವಿರುವ ಅಂಚೆಚೀಟಿಯೂ 2005ರಲ್ಲಿ ಹೊರಬಂದಿತು. ಹೀಗಾಗಿ ನಾಯಿಯನ್ನು ಗೌರವಿಸುವುದು ಕನ್ನಡಿಗರಿಗೆ ಹೊಸತಲ್ಲ. ಅದಕ್ಕೆ ತೂಕ ಮಾಡಿ ಉಣಬಡಿಸುವುದು ಮಾತ್ರ ಹೊಸತು.

ನಮ್ಮ ಹಿರಿಯ ನಾಯಿಯ ಹೆಸರು ಕರಿಯ. ವಯಸ್ಸು 11, ತೂಕ 12 ಕಿಲೊ. ನಮ್ಮ ತಾಯಿಯವರು ಧಾರವಾಡದ ಮನೆಯನ್ನು ಬಿಟ್ಟು ಪುಣೆಗೆ ನಮ್ಮ ಬಳಿ ಇರಲು ಬಂದಾಗ ಅವರ ಜೊತೆಗೆ ಬಂದವನು. ಪುಟ್ಟಿ ಎಂಬ ಮರಿಯು ನಮ್ಮ ಕಟ್ಟಡದ ಕೆಳಗೆ ಮೋಟಾರು ನಿಲ್ಲಿಸುವ ಜಾಗದಲ್ಲಿ ಹುಟ್ಟಿದ್ದು. ಮನೆಗೆ ತಂದಾಗ ಅದಕ್ಕೆ ಮೂರು ತಿಂಗಳು, ತೂಕ 4 ಕಿಲೊ. ಕರಿಯನಿಗೆ ಕನ್ನಡ ಮಾತ್ರ ತಿಳಿಯುತ್ತದೆ. ಪುಟ್ಟಿ ಕಾವಲುಗಾರನ ಮರಾಠಿಗೆ ಬೇಗ ಓಗೊಡುತ್ತಾಳೆ. ಅವಳು ಬಂದ ತಿಂಗಳಲ್ಲೇ ಕರಿಯನ ರಕ್ತಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡದ ಶಕ್ತಿ ಕುಗ್ಗುತ್ತಿದೆಯೆಂದು ಪಶುವೈದ್ಯರು ತಿಳಿಸಿದರು. "ಇನ್ನು ಮುಂದೆ ಇವನ ಔಷಧದಲ್ಲಿ ಅರ್ಧ ಭಾಗ ಇವನ ಊಟವೇ. ಮರಿಯ ತಾಟಿಗೆ ಇವನು ಬಾಯಿ ಹಾಕಬಾರದು" ಎಂದರು. ಎರಡು ಕೋಣೆಯ ಮನೆಯಲ್ಲಿ ಇದು ಸುಲಭವಾಗಿರಲಿಲ್ಲ. ಆದರೆ ಕರಿಯನ ಇನ್ನುಳಿದ ದಿನಗಳು ಇದರ ಮೇಲೆಯೇ ನಿಂತಿದ್ದುವು.

ಮೊದಲು ಲೆಕ್ಕವನ್ನು ನೋಡೋಣ. ಅದು ನಮ್ಮ ಕಸುಬು. ಮರಿ ಚಿಕ್ಕದು, ಆದುದರಿಂದ ಸ್ವಲ್ಪ ಹಾಕಿದರೆ ಸಾಕು; ದೊಡ್ಡ ನಾಯಿಗೆ ಹೆಚ್ಚು ಹಾಕಬೇಕು ಎಂಬುದು ಸಾಮಾನ್ಯ ನಂಬಿಕೆ. ಪಶುವೈದ್ಯರ ಸೂತ್ರ ಬೇರೆ ಮಾತು ಹೇಳುತ್ತದೆ. ನಾಲ್ಕು ತಿಂಗಳೊಳಗಿನ ಮರಿಗೆ, ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿಯ ಸುಮಾರು ಮೂರು ಪಟ್ಟು ಬೇಕು. ಓಡಾಟ ಕಡಿಮೆಯಾದ ಮುದಿನಾಯಿಗೆ ಅದರ 1.2ರಿಂದ 1.4 ಪಟ್ಟು ಸಾಕು. ಲೆಕ್ಕ ಮಾಡಿದರೆ 4 ಕಿಲೊ ತೂಗುವ ಪುಟ್ಟಿಗೆ ದಿನಕ್ಕೆ ಸುಮಾರು 590 ಕ್ಯಾಲೊರಿ. 12 ಕಿಲೊ ತೂಗುವ ಕರಿಯನಿಗೆ 540ರಿಂದ 630. ಅಂದರೆ ಮೂರರಲ್ಲೊಂದು ಪಾಲು ತೂಕದ ಮರಿಗೆ ಅಜ್ಜನಷ್ಟೇ ಊಟ ಬೇಕು! ನಾಲ್ಕು ತಿಂಗಳು ಕಳೆದ ಮೇಲೆ ಮರಿಯ ಮೂರು ಪಟ್ಟು ಎರಡಕ್ಕಿಳಿಯುತ್ತದೆ. ಇವು ಆರಂಭದ ಅಂಕಿಗಳು ಮಾತ್ರ. ಮರಿಯನ್ನು ವಾರಕ್ಕೊಮ್ಮೆ, ಹಿರಿಯನನ್ನು ತಿಂಗಳಿಗೊಮ್ಮೆ ತೂಗಿ ಅಳತೆಯನ್ನು ತಿದ್ದುತ್ತ ಹೋಗಬೇಕು. ಪಕ್ಕೆಲುಬುಗಳು ಕಣ್ಣಿಗೆ ಎದ್ದು ಕಾಣದೆ, ಕೈಯಾಡಿಸಿದರೆ ಸುಲಭವಾಗಿ ಸಿಗುವಂತಿದ್ದರೆ ಮೈ ಹದವಾಗಿದೆಯೆಂದು ತಿಳಿಯತಕ್ಕದ್ದು.

ಪ್ರಮಾಣದಂತೆಯೇ ಗುಣದಲ್ಲಿಯೂ ಭೇದವುಂಟು. ಅಮೆರಿಕೆಯ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವು ಹಾಕಿಕೊಟ್ಟಿರುವ ಮಟ್ಟದ ಪ್ರಕಾರ, ನೀರಿನಂಶವನ್ನು ಕಳೆದು ನೋಡಿದರೆ ಬೆಳೆಯುವ ಮರಿಯ ಆಹಾರದಲ್ಲಿ ಪ್ರೋಟೀನು ನೂರಕ್ಕೆ 22.5ಕ್ಕೆ ಕಡಿಮೆಯಿರಬಾರದು, ಬೆಳೆದ ನಾಯಿಗೆ 18 ಸಾಕು. ಸುಣ್ಣಾಂಶ, ರಂಜಕಗಳೂ ಮರಿಗೆ ಹೆಚ್ಚು ಬೇಕು. ಆದುದರಿಂದ ಬೆಳೆದ ನಾಯಿಯ ಚೀಲದಿಂದ ಮರಿಗೆ ಹಾಕುವುದು ತರವಲ್ಲ. ಇನ್ನು ಮೂತ್ರಪಿಂಡದ ರೋಗಿಗೆ ವೈದ್ಯರು ಬರೆದುಕೊಡುವ ಆಹಾರದಲ್ಲಿ ರಂಜಕವನ್ನು ಬೇಕೆಂದೇ ತಗ್ಗಿಸಿರುತ್ತಾರೆ. ಅದು ಕರಿಯನಿಗೆ ರಕ್ಷೆ, ಪುಟ್ಟಿಗೆ ಕೊರತೆ. ಪುಟ್ಟಿಯ ಆಹಾರ ಅವಳಿಗೆ ಎಲುಬು ಮಾಂಸಖಂಡ, ಕರಿಯನಿಗೆ ಹೊರಲಾರದ ಹೊರೆ. ಹೀಗಿರಲು ಒಬ್ಬರ ಖಾತೆಯಿಂದ ತೆಗೆದು ಇನ್ನೊಬ್ಬರ ಖಾತೆಗೆ ಹಾಕಲು ಇಲ್ಲಿ ಆಸ್ಪದವೇ ಇಲ್ಲ.

ಎಲ್ಲ ಮನೆಗಳಲ್ಲಿಯೂ ಹೀಗೆಯೇ ಆಗಬೇಕೆಂದಿಲ್ಲ. ಕೆಲವು ಚೀಲಗಳ ಮೇಲೆ "ಎಲ್ಲ ವಯಸ್ಸಿನ ನಾಯಿಗಳಿಗೆ" ಎಂದು ಅಚ್ಚಾಗಿರುತ್ತದೆ. ಮರಿಗೂ ಒಪ್ಪುವಂತಿರಬೇಕಾದುದರಿಂದ ಅದು ವಾಸ್ತವದಲ್ಲಿ ಮರಿಯ ಆಹಾರವೇ. ಹಿರಿಯ ನಾಯಿ ಆರೋಗ್ಯವಾಗಿದ್ದು, ಮೈ ತೆಳ್ಳಗಿದ್ದರೆ, ಅಳತೆ ಮಾಡಿ ಅದೇ ಚೀಲದಿಂದ ಎರಡಕ್ಕೂ ಹಾಕಬಹುದು. ಹಿರಿಯದು ಬೊಜ್ಜು ಬೆಳೆಸಿದ್ದರೆ ಅಥವಾ ರೋಗವಿದ್ದರೆ ಎರಡು ಚೀಲ ಅನಿವಾರ್ಯ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಪ್ರೋಟೀನನ್ನು ಕಡಿಮೆ ಮಾಡುವುದೂ ಸರಿಯಲ್ಲ. ಮಾಂಸಖಂಡ ಕರಗುವ ವಯಸ್ಸಿನಲ್ಲಿ ಆರೋಗ್ಯವಂತ ಮುದಿನಾಯಿಗೆ ಒಳ್ಳೆಯ ಪ್ರೋಟೀನು ಬೇಕೇ ಬೇಕು.

ಇನ್ನು ನಮ್ಮ ಮನೆಗಳ ಅನ್ನ, ಹಾಲು, ಮೊಸರು, ಮುದ್ದೆ, ರೊಟ್ಟಿಗಳ ಮಾತು. "ಊರಿನಲ್ಲಿ ನಾಯಿಗಳು ಇದನ್ನೇ ತಿಂದು ಬದುಕಲಿಲ್ಲವೇ?" ಎಂದು ನಮ್ಮ ತಾಯಿಯವರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಮನುಷ್ಯನ ಜೊತೆಗೆ ಸಾವಿರಾರು ವರ್ಷ ಬದುಕಿದ ನಾಯಿಗೆ ಹಿಟ್ಟಿನ ಪದಾರ್ಥವನ್ನು ಅರಗಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ಹೆಚ್ಚಾಗಿದೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಅನ್ನವಾಗಲಿ ಮುದ್ದೆಯಾಗಲಿ ವಿಷವಲ್ಲ. ಆದರೆ ಊರಿನ ನಾಯಿ ಅಂಗಳದಲ್ಲಿ ಅನ್ನ ತಿಂದ ಮೇಲೆ ಹೊಲಗೇರಿಗಳಲ್ಲಿ ತಿರುಗಿ ಇನ್ನೇನನ್ನೋ ಹುಡುಕಿಕೊಳ್ಳುತ್ತಿತ್ತು. ಮೂರನೆಯ ಅಂತಸ್ತಿನ ನಾಯಿಗೆ ನಾವು ಹಾಕಿದ್ದೇ ಜಗತ್ತು. ಬರಿಯ ಹಾಲನ್ನ, ಮೊಸರನ್ನಗಳಿಂದ ಮರಿಗೆ ಬೇಕಾದ ಪ್ರೋಟೀನು, ಕಬ್ಬಿಣ, ಸತು ಸಾಕಷ್ಟು ಸಿಗುವುದಿಲ್ಲ. ಬರಿಯ ಮಾಂಸ ಹಾಕಿದರೂ ಸುಣ್ಣಾಂಶ ಸಾಲದೆ ಎಲುಬು ಕುಗ್ಗುತ್ತದೆ. ಹಾಲು ಬಿಟ್ಟ ಮೇಲೆ ಅನೇಕ ಮರಿಗಳಿಗೆ ಹಸುವಿನ ಹಾಲು ಹೊಟ್ಟೆ ಕೆಡಿಸುವುದೂ ಉಂಟು.

ಸಸ್ಯಾಹಾರಿ ಮನೆಗಳವರು ಇಲ್ಲಿ ಬಹಳ ಮಂದಿ ಇದ್ದೀರಿ. ನಾಯಿಯು ಬೆಕ್ಕಿನಂತಲ್ಲ, ಸರಿಯಾಗಿ ಹೊಂದಿಸಿದ ಸಸ್ಯಾಹಾರದ ಮೇಲೆ ಬೆಳೆದ ನಾಯಿ ಬದುಕಬಲ್ಲದು. ಆದರೆ ಹೊಂದಿಸುವ ಕೆಲಸ ಅಡಿಗೆಮನೆಯ ಅಂದಾಜಿನಿಂದ ಆಗುವಂಥದಲ್ಲ, ಮರಿಯ ವಿಷಯದಲ್ಲಂತೂ ಅಲ್ಲವೇ ಅಲ್ಲ. ಮನೆಯಲ್ಲೇ ಬೇಯಿಸಬೇಕೆಂಬವರು ಪಶುವೈದ್ಯರಿಂದ ಅಳತೆ ಬರೆಯಿಸಿಕೊಂಡು, ಅವರು ಹೇಳಿದ ಲವಣಮಿಶ್ರಣವನ್ನು ಸೇರಿಸತಕ್ಕದ್ದು. ಹಾಗೆಯೇ, ಪೂರ್ಣಾಹಾರದ ಚೀಲದಿಂದ ತಿನ್ನುವ ಮರಿಗೆ ಪ್ರತ್ಯೇಕವಾಗಿ ಸುಣ್ಣಾಂಶದ ಟಾನಿಕ್ಕು ಕುಡಿಸುವ ಪದ್ಧತಿ ಒಳ್ಳೆಯದಲ್ಲ. ಎಳೆಯ ಮರಿಯ ಕರುಳಿಗೆ ಹೆಚ್ಚಿನದನ್ನು ತಡೆಯುವ ಶಕ್ತಿಯಿಲ್ಲ. ದೊಡ್ಡ ಜಾತಿಯ ಮರಿಗಳಲ್ಲಿ ಇದರಿಂದಲೇ ಎಲುಬು ಸೊಟ್ಟಗಾಗುವುದುಂಟು.

ಕೈತುತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಒಂದು ಚಪಾತಿಯಲ್ಲಿ ಹೆಚ್ಚು ಕಡಿಮೆ 100 ಕ್ಯಾಲೊರಿ. ದಿನಕ್ಕೆ 550 ಕ್ಯಾಲೊರಿಯ ಕರಿಯನಿಗೆ ಎರಡು ಚಪಾತಿ ಎಂದರೆ ದಿನದ ಊಟದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಮೇಲ್ತಿಂಡಿ ಹತ್ತರಲ್ಲೊಂದು ಪಾಲು ಮೀರಬಾರದೆಂಬುದು ನಿಯಮ. ಅಂದರೆ ಅರ್ಧ ಚಪಾತಿ. ಆರೋಗ್ಯವಂತ ನಾಯಿಗೆ ಇದು ಸಾಕು. ರೋಗಿಗೆ ಅದನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25ರಷ್ಟು ಕಡಿಮೆ ಊಟವನ್ನು ಜೀವಮಾನವೆಲ್ಲ ಕೊಟ್ಟರು. ಕಡಿಮೆ ಉಂಡ ಗುಂಪಿನ ಮಧ್ಯಮ ಆಯುಸ್ಸು 13 ವರ್ಷ, ಹೆಚ್ಚು ಉಂಡ ಗುಂಪಿನದು 11.2 ವರ್ಷ. ಕೀಲುನೋವು ಕೂಡ ಮೊದಲ ಗುಂಪಿಗೆ ತಡವಾಗಿ ಬಂದಿತು. ಈ ಅಂಕಿಗಳನ್ನು ನಾವು ತಾಯಿಯವರಿಗೆ ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಉಣ್ಣುವಾಗ ಅವನನ್ನು ಒಳಗೆ ಕೂಡಿಸಿರಿ. ಅವನು ಹಾಗೆ ನೋಡುತ್ತ ಕೂತರೆ ನನಗೆ ತುತ್ತು ಇಳಿಯುವುದಿಲ್ಲ" ಎಂದರು. ಅಂದಿನಿಂದ ಆ ವ್ಯವಸ್ಥೆಯೇ ನಡೆದಿದೆ. ಊರು ಬಿಟ್ಟು ಬಂದ ಹಿರಿಯರಿಗೆ ಉಣಿಸುವುದೊಂದೇ ಉಳಿದ ಸಂಭ್ರಮವಾಗಿರುತ್ತದೆ. ಅದನ್ನು ಕಸಿದುಕೊಳ್ಳದೆ ದಿನದ ಅಳತೆಯನ್ನು ತೂಗಿ ಅವರ ಕೈಗೇ ಕೊಡುವುದು ಲೇಸು. ಈಗ ಕರಿಯನ ತಾಟನ್ನು ಅವರಲ್ಲದೆ ಬೇರೆ ಯಾರೂ ಇಡುವುದಿಲ್ಲ.

ಊಟ ಹಾಕುವ ಕ್ರಮ ಹೀಗೆ. ನಾಲ್ಕು ತಿಂಗಳವರೆಗೆ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಮುಂದೆ ಎರಡು ಸಲ. ಹಿರಿಯನಿಗೆ ಎರಡು ಸಲ. ಎರಡನ್ನೂ ಬೇರೆ ಬೇರೆ ಕೋಣೆಗಳಲ್ಲಿ, ಬಾಗಿಲು ಹಾಕಿ ಉಣಿಸಬೇಕು. ಇಪ್ಪತ್ತು ನಿಮಿಷದ ಮೇಲೆ ತಾಟುಗಳನ್ನು ಎತ್ತಿ ತೊಳೆದಿಟ್ಟು ಆಮೇಲೆ ಬಾಗಿಲು ತೆರೆಯಬೇಕು. ಇದರಿಂದ ಕದ್ದು ತಿನ್ನುವುದೂ ಇಲ್ಲ, ಕಾದಾಟವೂ ಇಲ್ಲ. ಹಲ್ಲು ಸವೆದ ಮುದಿನಾಯಿಗೆ ಒಣ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಯಿಸಿ ಕೊಟ್ಟರೆ ವಾಸನೆಯೂ ಏಳುತ್ತದೆ, ಜಗಿಯಲೂ ಸುಲಭ. ನೀರು ಮಾತ್ರ ಇಬ್ಬರಿಗೂ ಸದಾ ಇರಲಿ. ಹಿರಿಯ ನಾಯಿ ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ ಬಿಸಿಲೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಹೊಸ ಆಹಾರಕ್ಕೆ ಬದಲಾಯಿಸುವಾಗ ಮೊದಲು ಕಾಲು ಪಾಲು, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ಒಂದು ವಾರ ಹತ್ತು ದಿನ ತೆಗೆದುಕೊಳ್ಳತಕ್ಕದ್ದು.

ಖರ್ಚಿನ ವಿಷಯದಲ್ಲಿ ಗುಮಾಸ್ತರ ಕಿವಿಮಾತೊಂದು: ಚೀಲದ ಬೆಲೆಯನ್ನಲ್ಲ, ದಿನದ ಬೆಲೆಯನ್ನು ನೋಡಿರಿ. 550 ಕ್ಯಾಲೊರಿಗೆ, 100 ಗ್ರಾಮಿನಲ್ಲಿ 350 ಕ್ಯಾಲೊರಿಯಿರುವ ಆಹಾರ 157 ಗ್ರಾಮು ಬೇಕು. 400 ಇರುವುದು 138 ಗ್ರಾಮು ಸಾಕು. ಅಗ್ಗವೆನಿಸಿದ ಚೀಲ ಬೇಗ ಬರಿದಾಗಿ ದುಬಾರಿಯಾಗುವುದೂ ಉಂಟು.

ಕೊನೆಯದಾಗಿ ಒಂದು ಎಚ್ಚರಿಕೆ. ರಾಜ್ಯೋತ್ಸವ, ದೀಪಾವಳಿಗಳು ಒಂದರ ಹಿಂದೊಂದು ಬರುತ್ತವೆ. ಮನೆ ತುಂಬ ತಿಂಡಿ, ಮಕ್ಕಳ ಕೈತುಂಬ ಸಿಹಿ. ಚಾಕೊಲೇಟು ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸುತ್ತವೆ. ಪಾಯಸದಲ್ಲಿ ಬಿದ್ದವೂ ಅಷ್ಟೇ. ಈರುಳ್ಳಿ ಬೆಳ್ಳುಳ್ಳಿಗಳು ಬೆಂದಿದ್ದರೂ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಆದುದರಿಂದ ಹುಳಿ ಸಾರು ಕಲಸಿದ ಅನ್ನ ಬೇಡ. ಸಕ್ಕರೆಗೆ ಬದಲಾಗಿ ಕ್ಸೈಲಿಟಾಲ್ ಹಾಕಿದ ಚ್ಯೂಯಿಂಗ್ ಗಮ್ ಮುಂತಾದವು ಪ್ರಾಣಾಪಾಯ ತರಬಲ್ಲವು. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ. ಮಕ್ಕಳಿಗೂ ಮನೆಗೆ ಬಂದ ಅತಿಥಿಗಳಿಗೂ ಇದನ್ನು ಮೊದಲೇ ಹೇಳಿಡುವುದು ಕ್ಷೇಮ.

ಮರಿಗೆ ಮುಂದಿನ ವರ್ಷಗಳಿವೆ, ಹಿರಿಯನಿಗೆ ಉಳಿದ ದಿನಗಳಿವೆ. ಒಂದಕ್ಕೆ ಬೆಳೆಸುವ ಅನ್ನ, ಇನ್ನೊಂದಕ್ಕೆ ಕಾಯುವ ಅನ್ನ. ಇಂದಿನ ತನಕ ಕರಿಯನು ಸಂಜೆ ನಮ್ಮ ಜೊತೆಗೆ ಮೂರು ಅಂತಸ್ತು ಇಳಿದು ಬರುತ್ತಾನೆ. ಹತ್ತುವಾಗ ಮಾತ್ರ ನಾವು ಎತ್ತಿಕೊಳ್ಳುತ್ತೇವೆ. ನಿಮ್ಮ ಮನೆಗಳಲ್ಲಿಯೂ ಇಂಥ ಜೋಡಿಯಿದ್ದರೆ, ನಾಳೆಯೇ ಅಡಿಗೆಮನೆಯ ತಕ್ಕಡಿಯನ್ನು ಹೊರತೆಗೆಯಿರಿ.