ಕಾರ್ಡ್ ಹೋಗಿಲ್ಲ, ಬೆಲ್ ಕೇಳ್ತಿಲ್ಲ ಅಷ್ಟೇ

ಇವತ್ತಿನ ವಿಷಯ ನಿಮ್ಮಲ್ಲಿ ಕೆಲವರು ಹುಟ್ಟೋಕೂ ಮುಂಚಿನದು: ಐಆರ್‌ಕ್ಯೂ ಜಗಳ. ಆದ್ರೆ ಇದು ಬರೀ ಹಳೇ ಕಥೆ ಅಲ್ಲ.

ನಮ್ಮ ಪರಿಚಯದವರ ಅಡಿಕೆ ಮಂಡಿಯಲ್ಲಿ ಇಬ್ಬರು ಪಾಲುದಾರರು ಬೇರೆ ಆಗ್ತಿದ್ರು. ಹಳೇ ಖಾತೆಗಳೆಲ್ಲ ವಿಂಡೋಸ್ 98 ಇರೋ ಒಂದೇ ಕಂಪ್ಯೂಟರ್‌ನಲ್ಲಿ. ಫ್ಲಾಪಿ ಡ್ರೈವ್ ಕೆಟ್ಟಿದೆ, ಯುಎಸ್‌ಬಿ ಇಲ್ಲ, ಹಾರ್ಡ್ ಡಿಸ್ಕ್ ಬಿಚ್ಚೋಕೆ ಇಬ್ಬರೂ ಒಪ್ಪಲ್ಲ. ಉಳಿದಿದ್ದು ನೆಟ್‌ವರ್ಕ್ ದಾರಿ. ಎನ್‌ಇ2000 ಮಾದರಿಯ ಹಳೇ ಕಾರ್ಡ್ ಹಾಕಿದ್ವಿ. ಕಂಪ್ಯೂಟರ್ ಅದನ್ನ ಗುರುತಿಸ್ತು, ಲೈಟೂ ಉರೀತು. ಪಿಂಗ್ ಮಾಡಿದ್ರೆ ಮಾತ್ರ ಉತ್ತರಾನೇ ಇಲ್ಲ. ‘ಕಾರ್ಡ್ ಹೋಗಿದೆ, ಬೇರೆ ತಗೊಳ್ಳಿ’ ಅಂದ್ರು ರಿಪೇರಿಯವರು.

ಹೋಗಿರಲಿಲ್ಲ. ಇಂಟರಪ್ಟ್ ಅಂದ್ರೆ ಕಾಲಿಂಗ್ ಬೆಲ್ ಇದ್ದಂಗೆ. ಡೇಟಾ ಬಂದಾಗ ಕಾರ್ಡ್ ಬೆಲ್ ಒತ್ತುತ್ತೆ, ಪ್ರೊಸೆಸರ್ ಕೈಲಿರೋ ಕೆಲಸ ಬಿಟ್ಟು ಬರುತ್ತೆ. 1981ರ ಐಬಿಎಂ ಪಿಸಿಯಲ್ಲಿ ಇಂಥ ಬೆಲ್ ಲೈನು ಎಂಟೇ. 1984ರ ಪಿಸಿ ಎಟಿಯಲ್ಲಿ ಇನ್ನೊಂದು ಚಿಪ್ ಸೇರಿಸಿದ್ಮೇಲೆ ಬಳಸೋಕೆ ಸಿಕ್ಕಿದ್ದು 15. ಅದರಲ್ಲೂ ಟೈಮರ್, ಕೀಬೋರ್ಡ್, ಫ್ಲಾಪಿ, ಹಾರ್ಡ್ ಡಿಸ್ಕ್ ಎಲ್ಲ ಮೊದಲೇ ಜಾಗ ಹಿಡಿದಿರುತ್ವೆ. ಹಳೇ ಐಎಸ್‌ಎ ಸ್ಲಾಟ್‌ನಲ್ಲಿ ಇಬ್ಬರು ಒಂದೇ ಲೈನ್ ಹಂಚಿಕೊಳ್ಳೋದು ಆಗಲ್ಲ. ಮುಂದೆ ಬಂದ ಪಿಸಿಐ ಕಾರ್ಡ್‌ಗಳಿಗೆ ಹಂಚಿಕೊಳ್ಳೋಕೆ ಬರುತ್ತೆ.

ಎನ್‌ಇ2000 ಸಾಮಾನ್ಯವಾಗಿ ಬರ್ತಿದ್ದದ್ದು 3ನೇ ಲೈನಿಗೆ. ಎರಡನೇ ಸೀರಿಯಲ್ ಪೋರ್ಟ್, ಅಂದ್ರೆ ಕಾಮ್2, ಅದರ ಲೈನೂ 3. ಮಂಡಿಯಲ್ಲಿ ಆ ಪೋರ್ಟಿಗೆ ತೂಕದ ಮಿಷನ್ ಸಿಕ್ಕಿಸಿದ್ರು! ಕಾರ್ಡನ್ನ ಗುರುತಿಸೋ ವಿಳಾಸ ಬೇರೆ, ಬೆಲ್ ಬೇರೆ. ಅದಕ್ಕೇ ಕಾರ್ಡ್ ಕಾಣುತ್ತೆ, ಡೇಟಾ ಬರಲ್ಲ.

ಏನ್ ಮಾಡ್ಬೇಕು? ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ‘ಕಂಪ್ಯೂಟರ್’ ಮೇಲೆ ಡಬಲ್ ಕ್ಲಿಕ್ ಮಾಡಿ. ಯಾವ ಲೈನ್ ಯಾರ ಹತ್ರ ಇದೆ ಅಂತ ಪಟ್ಟಿ ಬರುತ್ತೆ, ಒಂದು ಹಾಳೆ ಮೇಲೆ ಬರ್ಕೊಳ್ಳಿ. 10 ಅಥವಾ 11 ಖಾಲಿ ಇರೋ ಸಾಧ್ಯತೆ ಜಾಸ್ತಿ. 5 ಖಾಲಿ ಕಂಡ್ರೂ ಸೌಂಡ್ ಕಾರ್ಡ್ ಇದೆಯಾ ನೋಡಿ, ಅದಕ್ಕೆ ಇಷ್ಟವಾದ ಜಾಗ ಅದು. ಆಮೇಲೆ ಕರೆಂಟ್ ಪ್ಲಗ್ ಕಿತ್ತು, ಕಾರ್ಡ್ ಮೇಲಿನ ಜಂಪರ್ ಬದಲಿಸಿ. ಜಂಪರ್ ಇಲ್ಲದ ಕಾರ್ಡ್‌ಗೆ ಅದರದ್ದೇ ಡಾಸ್ ಸೆಟಪ್ ಪ್ರೋಗ್ರಾಂ ಇರುತ್ತೆ. ಡ್ರೈವರ್‌ನಲ್ಲೂ ಅದೇ ನಂಬರ್ ಕೊಡಿ. ಬಯಾಸ್‌ನಲ್ಲಿ ಆ ಲೈನನ್ನ ‘ಲೆಗಸಿ ಐಎಸ್‌ಎ’ಗೆ ಮೀಸಲಿಡಿ, ಇಲ್ಲಾಂದ್ರೆ ಪಿಸಿಐ ಕಾರ್ಡ್ ಬಂದು ಕೂತ್ಕೊಳ್ಳಬಹುದು. ಸೀರಿಯಲ್ ಪೋರ್ಟ್ ಬೇಡವೇ ಬೇಡ ಅಂದ್ರೆ, ಬಯಾಸ್‌ನಲ್ಲಿ ಅದನ್ನೇ ಆಫ್ ಮಾಡಿದ್ರೂ ಸಾಕು.

ನಮಗೆ ತೂಕದ ಮಿಷನ್ ಬೇಕಿತ್ತು. ಹಾಗಾಗಿ ಕಾರ್ಡನ್ನ 10ಕ್ಕೆ ಹಾಕಿದ್ವಿ. ಪಿಂಗ್‌ಗೆ ಉತ್ತರ ಬಂತು, ಖಾತೆಗಳು ಒಂದೊಂದಾಗಿ ಲ್ಯಾಪ್‌ಟಾಪ್‌ಗೆ ಇಳಿದ್ವು. ಲೆಕ್ಕ ಸರಿಯಾಗಿ ಸಿಕ್ಕಿದ್ರಿಂದ ಪಾಲು ಜಗಳ ಇಲ್ಲದೆ ಮುಗೀತು.

ಈಗಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳು ಬೆಲ್ ಬದಲು ಮೆಸೇಜ್ ಕಳಿಸ್ತವೆ, ಅದಕ್ಕೇ ನಮಗೆ ಈ ತಲೆನೋವು ಗೊತ್ತಿಲ್ಲ. ನಿಮ್ಮನೆ ಅಟ್ಟದ ಮೇಲೋ, ಅಂಗಡಿ ಮೂಲೆಯಲ್ಲೋ ಇಂಥ ಮಿಷನ್ ಇದ್ರೆ, ಗುಜರಿಗೆ ಕೊಡೋ ಮುಂಚೆ ಒಳಗೆ ಯಾರ ಲೆಕ್ಕ ಇದೆ ನೋಡಿ. ಮುಂದಿನ ವಾರ ಸಿಗೋಣ.